ಬಾಯಿ ಬಿಡದ ಮೋಗಿ

ಪತ್ತೇದಾರಿ ಕಥೆ ಅಂದ ಕೂಡಲೆ ನಮ್ಮ ವಿಮರ್ಶಕರು ಮೂಗು ಮುರಿಯುತ್ತಾರೆ. ಅದರಲ್ಲೂ ಚಿತ್ರಕಥೆ ಅಂದರೆ ಮುಗಿಯಿತು, ಮಕ್ಕಳಾಟ ಅಂತ ಪಕ್ಕಕ್ಕೆ ತಳ್ಳಿಬಿಡುತ್ತಾರೆ. ಆದರೆ ನ್ಯಾಯ ಅಂದರೇನು, ಪೊಲೀಸ್ ಅಂದರೇನು, ಕೊಲ್ಲುವ ಹಕ್ಕು ಯಾರಿಗಿದೆ ಅನ್ನುವುದನ್ನು ಎಳೆಯರು ಪಠ್ಯಪುಸ್ತಕದಿಂದ ಕಲಿಯುವುದು ಕಡಿಮೆ, ಕದ್ದು ಮುಚ್ಚಿ ಓದುವ ಇಂಥ ಪುಸ್ತಕಗಳಿಂದ ಕಲಿಯುವುದೇ ಹೆಚ್ಚು. ಜಪಾನಿನಲ್ಲಿ ಇವಕ್ಕೆ ಮಾಂಗಾ ಅನ್ನುತ್ತಾರೆ. ಅಲ್ಲಿ ಮಾಂಗಾವನ್ನು ಶಾಲೆಯ ಹುಡುಗರೂ ಓದುತ್ತಾರೆ, ರೈಲಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋಗುವ ಗುಮಾಸ್ತರೂ ಓದುತ್ತಾರೆ. ಆದ್ದರಿಂದ ಇವನ್ನು ಗಂಭೀರವಾಗಿ ಓದಿ, ಒಳಗೆ ಏನು ತುಂಬಿದ್ದಾರೆ ಎಂದು ಬಿಚ್ಚಿ ನೋಡುವುದು ನಮ್ಮ ಕೆಲಸವೇ.

ಇಲ್ಲಿ ಎತ್ತಿಕೊಂಡಿರುವುದು ‘ಡೆತ್ ನೋಟ್’. ನಮ್ಮ ಪತ್ರಿಕೆಗಳಲ್ಲಿ ಈ ಮಾತಿಗೆ ಸಾಯುವವರು ಬರೆದಿಟ್ಟ ಚೀಟಿ ಎಂಬ ಅರ್ಥವಿದೆ. ಅಲ್ಲಿ ಅದು ಸಾವಿನ ನೋಟ್ ಪುಸ್ತಕ. ತ್ಸುಗುಮಿ ಓಬಾ ಕಥೆ ಬರೆದು, ತಾಕೆಶಿ ಒಬಾತಾ ಚಿತ್ರ ಬಿಡಿಸಿ, ‘ಶೋನೆನ್ ಜಂಪ್’ ಎಂಬ ಹುಡುಗರ ವಾರಪತ್ರಿಕೆಯಲ್ಲಿ 2003ರ ಡಿಸೆಂಬರಿನಿಂದ 2006ರ ಮೇ ವರೆಗೆ 108 ಕಂತುಗಳಲ್ಲಿ ಬಂತು. 12 ಸಂಪುಟಗಳಾಗಿ ಹೊರಬಿದ್ದು ಕೋಟಿಗಟ್ಟಲೆ ಪ್ರತಿ ಖರ್ಚಾಗಿದೆ. ಸಿನಿಮಾ ಆಯಿತು, ಟಿ.ವಿ. ಆಯಿತು.

ಕಥೆ ಇಷ್ಟು. ಯಾಗಾಮಿ ಲೈಟ್ ಎಂಬ ಬಲು ಬುದ್ಧಿವಂತ ಶಾಲಾ ಹುಡುಗನಿಗೆ ರ್ಯೂಕ್ ಎಂಬ ಸಾವಿನ ದೇವತೆ ಬೀಳಿಸಿದ ಒಂದು ನೋಟ್ ಪುಸ್ತಕ ಸಿಗುತ್ತದೆ. ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಅದರಲ್ಲಿ ಯಾರ ಹೆಸರು ಬರೆದರೂ 40 ಸೆಕೆಂಡಿನಲ್ಲಿ ಅವರು ಎದೆ ಹಿಡಿದುಕೊಂಡು ಸಾಯುತ್ತಾರೆ. ಹುಡುಗ ಲೋಕ ಶುದ್ಧಿ ಮಾಡಲು ಹೊರಡುತ್ತಾನೆ. ಸುದ್ದಿಯಲ್ಲಿ ಬರುವ ಅಪರಾಧಿಗಳ ಹೆಸರುಗಳನ್ನು ಒಂದೊಂದಾಗಿ ಬರೆಯುತ್ತಾ ಹೋಗುತ್ತಾನೆ. ಜನ ಅವನಿಗೆ ‘ಕಿರಾ’ ಎಂದು ಹೆಸರಿಟ್ಟು ಪೂಜೆಗೆ ಇಳಿಯುತ್ತಾರೆ. ಅವನನ್ನು ಹಿಡಿಯಲು ‘ಎಲ್’ ಎಂಬ ಇನ್ನೊಬ್ಬ ಮಹಾ ಬುದ್ಧಿವಂತ ಬರುತ್ತಾನೆ. ಈ ಇಬ್ಬರ ಮಿದುಳಿನ ಮೇಲಾಟವೇ ಪುಸ್ತಕದ ಮುಕ್ಕಾಲು ಪಾಲು. ಓದುಗರ ಜಗಳವೂ ಅಲ್ಲೇ: ಲೈಟ್ ಸರಿಯೋ, ಎಲ್ ಸರಿಯೋ?

ನನ್ನ ಪ್ರಶ್ನೆ ಬೇರೆ. ಇವರಿಬ್ಬರ ನಡುವೆ ಕೆಲಸ ಮಾಡಿದವರು ಯಾರು?

ಆ ಕೆಲಸ ಮಾಡಿದವರಲ್ಲಿ ಒಬ್ಬ ಮೋಗಿ. ಪೂರ್ತಿ ಹೆಸರು ಮೋಗಿ ಕಾಂಜೊ. ಎತ್ತರದ ಆಳು, ಗಟ್ಟಿ ಮೈಕಟ್ಟು, ಬಿಗಿದ ಮುಖ. ಕಿರಾ ತನಿಖೆಯ ತಂಡದಲ್ಲಿ ಮೊದಲಿಂದ ಕೊನೆಯ ತನಕ ಇದ್ದವನು. ತಂಡದ ಮೇಲಧಿಕಾರಿ ಸೊಯಿಚಿರೊ ಯಾಗಾಮಿ ಸಾಯುತ್ತಾನೆ, ಎಲ್ ಸಾಯುತ್ತಾನೆ, ಉಕಿತಾ ಎಂಬ ಪೊಲೀಸ್ ಟಿ.ವಿ. ಕಚೇರಿಯ ಬಾಗಿಲಲ್ಲೇ ಬಿದ್ದು ಸಾಯುತ್ತಾನೆ, ಮೋಗಿ ಉಳಿಯುತ್ತಾನೆ. ಅಷ್ಟು ಕಾಲ ಇದ್ದೂ ಅವನು ಆಡಿದ ಮಾತುಗಳನ್ನು ಒಟ್ಟು ಮಾಡಿದರೆ ನಾಲ್ಕಾರು ಪುಟ ಆದರೆ ಹೆಚ್ಚು. ಹೇಳಿದ ಕೆಲಸಕ್ಕೆ ಹೂಂ ಅನ್ನುತ್ತಾನೆ, ಎದ್ದು ಹೋಗುತ್ತಾನೆ, ಮಾಡಿಕೊಂಡು ಬರುತ್ತಾನೆ. ಅಪರಾಧದ ದುಡ್ಡಿನಲ್ಲಿ ಕೊಬ್ಬಿದ ಯೋತ್ಸುಬಾ ಕಂಪನಿಯ ಮೇಲೆ ತಂಡಕ್ಕೆ ಅನುಮಾನ ಬಂದಾಗ ಮಾಹಿತಿ ಕಲೆಹಾಕಿ ತಂದು ಸುರಿಯುವುದು ಅವನು. ಮಿಸಾ ಎಂಬ ನಟಿಯ ಮೇಲೆ ಕಣ್ಣಿಡಲು ಅವಳ ಮ್ಯಾನೇಜರಿನ ವೇಷ ಹಾಕಬೇಕಾಗಿ ಬಂದಾಗ, ಮಾತ್ಸುದಾ ಎಂಬ ಸಹೋದ್ಯೋಗಿ ಕೆಡಿಸಿಕೊಂಡ ಆ ಕೆಲಸವನ್ನು ಹೆಗಲಿಗೆ ಹಾಕಿಕೊಳ್ಳುವುದೂ ಅವನೇ. ಕಾವಲು, ಓಡಾಟ, ಕಡತ, ಕಾಯುವಿಕೆ ಎಲ್ಲ ಮೋಗಿಯ ಪಾಲು.

ಇಂಥವನನ್ನು ಓದುಗರು ಏನೆನ್ನುತ್ತಾರೆ? ‘ಒಳ್ಳೆ ಮನುಷ್ಯ, ನಂಬಿಗಸ್ತ, ಜಾಸ್ತಿ ಮಾತಾಡಲ್ಲ’ ಅನ್ನುತ್ತಾರೆ. ಈ ಹೊಗಳಿಕೆ ನಮಗೆ ಹೊಸದೇನಲ್ಲ. ದುಡಿಯುವವನಿಗೆ ಕೊಡುವ ಬಿರುದು ಎಲ್ಲ ದೇಶದಲ್ಲೂ ಇದೇ. ಹಾಗಾಗಿ ಈ ಹೊಗಳಿಕೆಯನ್ನೇ ತಿರುಗಿಸಿ ನೋಡಬೇಕಾಗಿದೆ.

ಈ ಕಥೆ ಮನುಷ್ಯರನ್ನು ಎರಡು ಪಾಲು ಮಾಡುತ್ತದೆ. ಒಂದು ಕಡೆ ತಲೆಯವರು: ಲೈಟ್, ಎಲ್, ಆಮೇಲೆ ಎಲ್‌ನ ಜಾಗಕ್ಕೆ ಬರುವ ನಿಯರ್ ಮತ್ತು ಮೆಲ್ಲೊ. ಇವರ ಯೋಚನೆಗಳು ಪುಟಗಟ್ಟಲೆ ಹರಿಯುತ್ತವೆ. ತಲೆಯೊಳಗಿನ ಒಂದೊಂದು ಲೆಕ್ಕವನ್ನೂ ಬಿಡಿಸಿ ಬಿಡಿಸಿ ತೋರಿಸುತ್ತಾರೆ. ಇನ್ನೊಂದು ಕಡೆ ಕೈಯವರು: ಮೋಗಿಯಂಥವರು. ಇವರ ತಲೆಯೊಳಗೆ ಏನಿದೆ ಅಂತ ಲೇಖಕರು ಇಣುಕಿಯೂ ನೋಡುವುದಿಲ್ಲ. ಎಲ್ ಕುರ್ಚಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಕು ತಿನ್ನುತ್ತಾ ತೀರ್ಮಾನ ಹೇಳುತ್ತಾನೆ. ಆ ತೀರ್ಮಾನಕ್ಕೆ ಬೇಕಾದ ಸಾಕ್ಷ್ಯ ಕೋಣೆಯೊಳಕ್ಕೆ ತಾನಾಗಿ ನಡೆದುಕೊಂಡು ಬರಲಿಲ್ಲ. ಯಾರೋ ಬೀದಿ ಸುತ್ತಿ ತಂದದ್ದು ಅದು. ಆ ಬೀದಿ ಮಾತ್ರ ಪುಸ್ತಕದಲ್ಲಿ ಕಾಣುವುದಿಲ್ಲ.

ಜಪಾನಿನ ಪತ್ತೇದಾರಿ ಕಥೆ ಮುಂಚೆಯೂ ಹೀಗೇ ಇತ್ತೆ? ಇರಲಿಲ್ಲ. ಅದಕ್ಕೆ ಮಾತ್ಸುಮೊತೊ ಸೇಚೊ ಸಾಕ್ಷಿ. 1909ರಲ್ಲಿ ಹುಟ್ಟಿದ ಈ ಲೇಖಕ ಬಡವರ ಮನೆಯ ಹುಡುಗ. ಹೆಚ್ಚು ಓದಲಾಗದೆ ಹದಿಹರೆಯದಲ್ಲೇ ಆಫೀಸೊಂದರಲ್ಲಿ ಚಾಕರಿಯ ಹುಡುಗನಾಗಿ ಸೇರಿದ. ಆಮೇಲೆ ಅಚ್ಚಿನ ಕೆಲಸ ಕಲಿತ. ನಲವತ್ತು ದಾಟಿದ ಮೇಲೆ ಬರವಣಿಗೆಯಲ್ಲಿ ಹೆಸರು ಮಾಡಿದ. ಇವನ ಕಥೆಗಳ ಪತ್ತೇದಾರರು ಮಹಾ ಬುದ್ಧಿವಂತರೇನೂ ಅಲ್ಲ. ಕಾಲು ಸವೆಸುವವರು, ಸಂಬಳ ಎಣಿಸುವವರು, ಮನೆಗೆ ತಡವಾಗಿ ಹೋಗುವವರು.

ಸೇಚೊನ ‘ಬಿಂದುಗಳು ಮತ್ತು ಗೆರೆಗಳು’ ಎಂಬ ಕಾದಂಬರಿಯಲ್ಲಿ ತೊರಿಗಾಯ್ ಎಂಬ ವಯಸ್ಸಾದ ಪೊಲೀಸ್ ಬರುತ್ತಾನೆ. ಕಾಶಿಯಿ ಎಂಬಲ್ಲಿನ ಕಡಲ ದಂಡೆಯಲ್ಲಿ ಗಂಡು ಹೆಣ್ಣು ಇಬ್ಬರ ಹೆಣ ಸಿಗುತ್ತದೆ. ಪ್ರೇಮಿಗಳು ಒಟ್ಟಿಗೆ ವಿಷ ಕುಡಿದರು ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಸತ್ತ ಗಂಡಸಿನ ಜೇಬಿನಲ್ಲಿ ರೈಲಿನ ಊಟದ ಡಬ್ಬಿಯ ಒಂದು ರಸೀದಿ ಇರುತ್ತದೆ. ಅದರಲ್ಲಿ ಊಟ ‘ಒಬ್ಬರಿಗೆ’ ಎಂದು ಬರೆದಿದೆ. ಜೊತೆಯಲ್ಲಿ ಸಾಯಲು ಹೊರಟ ಜೋಡಿಯಲ್ಲಿ ಒಬ್ಬನೇ ಯಾಕೆ ಊಟ ಮಾಡಿದ? ಈ ಪ್ರಶ್ನೆ ಹುಟ್ಟಿದ್ದು ಒಬ್ಬ ಸಾಮಾನ್ಯ ಪೊಲೀಸನಿಗೆ. ಅವನಿಗೆ ಊಟ ಗೊತ್ತು, ಜೊತೆಯಲ್ಲಿ ಕೂತು ಉಣ್ಣುವುದು ಅಂದರೆ ಏನು ಅಂತ ಗೊತ್ತು. ಅಲ್ಲಿಂದ ಎಳೆದ ದಾರ ಸರ್ಕಾರಿ ಇಲಾಖೆಯ ಲಂಚದ ಹಗರಣದ ತನಕ ಹೋಗುತ್ತದೆ.

1960-61ರಲ್ಲಿ ಯೊಮಿಯುರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಮರಳ ಪಾತ್ರೆ’ಯಲ್ಲಿ ಇಮಾನಿಶಿ ಎಂಬ ಪತ್ತೇದಾರ ಇದ್ದಾನೆ. ಅವನೂ ಮಾತು ಕಡಿಮೆಯವನೇ. ಬಿಡುವಿದ್ದಾಗ ಹೈಕು ಬರೆಯುತ್ತಾನೆ. ರೈಲ್ವೆ ಯಾರ್ಡಿನಲ್ಲಿ ಬಿದ್ದ ಒಂದು ಹೆಣದ ಗುರುತು ಹಿಡಿಯಲು ಕಿವಿಗೆ ಬಿದ್ದ ಒಂದು ಊರಿನ ಹೆಸರು, ಒಂದು ಆಡುಮಾತಿನ ಧಾಟಿ, ಇಷ್ಟನ್ನೇ ಹಿಡಿದುಕೊಂಡು ದೇಶದ ಉದ್ದಗಲ ಅಲೆಯುತ್ತಾನೆ. ಮೊದಲು ತಪ್ಪು ಊರಿಗೆ ಹೋಗಿ ಬರಿಗೈಲಿ ಬರುತ್ತಾನೆ. ಕೊನೆಗೆ ಸಿಗುವುದೇನು? ಕುಷ್ಠ ತಗುಲಿದ ಅಪ್ಪ, ಅವನ ಕೈ ಹಿಡಿದು ಊರೂರು ತಿರಿದು ತಿಂದ ಮಗ. ಮಗ ದೊಡ್ಡವನಾಗಿ, ಹುಟ್ಟು ಮುಚ್ಚಿಟ್ಟು, ಹೆಸರಾಂತ ಸಂಗೀತಗಾರನಾಗಿದ್ದಾನೆ. ಹಿಂದೆ ಅವರಿಗೆ ನೆರಳು ಕೊಟ್ಟಿದ್ದ ಪೊಲೀಸನೇ ಎದುರು ಬಂದಾಗ, ಗುಟ್ಟು ಹೊರಬಿದ್ದೀತೆಂದು ಹೆದರಿ ಕೊಲ್ಲುತ್ತಾನೆ. ಕೊಲೆಗಾರ ಸಿಕ್ಕನಲ್ಲ ಎಂಬ ಸಮಾಧಾನ ಇಲ್ಲಿ ಓದುಗನಿಗೆ ಸಿಗುವುದಿಲ್ಲ. ಹುಟ್ಟನ್ನು ಮುಚ್ಚಿಟ್ಟುಕೊಳ್ಳದೆ ಬದುಕಲಾಗದಂತೆ ಮಾಡಿದ ಸಮಾಜವೇ ಕಟಕಟೆಯಲ್ಲಿ ನಿಲ್ಲುತ್ತದೆ. ಜಪಾನಿನಲ್ಲಿ ಕುಷ್ಠರೋಗಿಗಳನ್ನು ಬೇರೆ ಇಡುವ ಕಾನೂನು ರದ್ದಾದದ್ದು 1996ರಲ್ಲಿ ಎಂಬುದನ್ನು ನೆನೆದರೆ, ಆ ಕಾದಂಬರಿ ಎಷ್ಟು ಮುಂಚೆ ಮಾತಾಡಿತ್ತು ಎಂದು ತಿಳಿಯುತ್ತದೆ.

ಅಂದರೆ ಇಮಾನಿಶಿಯ ಮೌನಕ್ಕೆ ಒಳಗೊಂದು ಜೀವ ಇತ್ತು. ಅವನು ಬಾಯಿ ಮುಚ್ಚಿಕೊಂಡಿದ್ದರೂ ಅವನ ಕಾಲು ಮಾತಾಡುತ್ತಿತ್ತು, ಹೋದಲ್ಲೆಲ್ಲ ಬಡವರ ಬದುಕು ಕಣ್ಣಿಗೆ ಬೀಳುತ್ತಿತ್ತು. ನಲವತ್ತು ವರ್ಷ ಕಳೆದು ಮೋಗಿಯ ಹತ್ತಿರ ಬರುವಾಗ ಅದೇ ಪತ್ತೇದಾರ ಮೂಲೆಗೆ ಸರಿದಿದ್ದಾನೆ. ಕಾಲು ಇದೆ, ಕಣ್ಣು ಕಿತ್ತುಕೊಂಡಿದ್ದಾರೆ. ಕಥೆಯ ನಡುಮನೆಯಲ್ಲಿ ಕಂಪ್ಯೂಟರು, ಕ್ಯಾಮರಾ, ಇಬ್ಬರು ಜಾಣ ಹುಡುಗರು. ಬಡತನ ಇಲ್ಲ, ಊರು ಇಲ್ಲ, ಅಪರಾಧ ಯಾಕೆ ಹುಟ್ಟಿತು ಎಂಬ ಪ್ರಶ್ನೆ ಇಲ್ಲ. ಅಪರಾಧಿ ಅಂದರೆ ಒಂದು ಹೆಸರು, ಒಂದು ಮುಖ. ಬರೆ, ಅಳಿಸು.

ಹಾಗಂತ ಇಡೀ ಪುಸ್ತಕ ಟೊಳ್ಳು ಅಂತ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಹೊಟ್ಟೆಪಾಡಿನ ಮಾತು ಒಂದು ಕಡೆ ತಪ್ಪದೆ ಬರುತ್ತದೆ, ಆ ಭಾಗವೇ ನನ್ನ ಮಟ್ಟಿಗೆ ಈ ಮಾಂಗಾದ ಒಳ್ಳೆಯ ಭಾಗ. ಕಿರಾನಿಗೆ ಹೆದರಿದ ರಾಜಕಾರಣಿಗಳು ಒತ್ತಡ ಹಾಕುತ್ತಾರೆ. ತನಿಖೆ ನಿಲ್ಲಿಸಿ ಎಂದು ಪೊಲೀಸರ ಮೇಲಿನವರೇ ಹೇಳುತ್ತಾರೆ. ಮುಂದುವರಿಸಬೇಕೆಂದರೆ ಕೆಲಸಕ್ಕೆ ರಾಜೀನಾಮೆ ಕೊಡಬೇಕು. ಸೊಯಿಚಿರೊ ಬಿಡುತ್ತೇನೆ ಅನ್ನುತ್ತಾನೆ. ಮಾತ್ಸುದಾ ಬಿಡುತ್ತಾನೆ. ಮೋಗಿಯೂ ಬಿಡುತ್ತಾನೆ. ಐಜಾವಾ ಎಂಬವನಿಗೆ ಮಾತ್ರ ಕಾಲು ಕಟ್ಟಿಹಾಕುತ್ತದೆ. ಹೆಂಡತಿ ಇದ್ದಾಳೆ, ಸಣ್ಣ ಮಗಳಿದ್ದಾಳೆ. ಕೆಲಸ ಬಿಟ್ಟರೆ ತಿನ್ನುವುದೇನು? ಅವನು ತತ್ತರಿಸುತ್ತಿರುವಾಗ ಇನ್ನೊಂದು ವಿಷಯ ಹೊರಬೀಳುತ್ತದೆ: ಇವರ ಕೆಲಸ ಹೋದರೆ ಸಂಸಾರಗಳಿಗೆ ತೊಂದರೆಯಾಗದಂತೆ ಎಲ್ ಮುಂಚೆಯೇ ದುಡ್ಡಿನ ಏರ್ಪಾಡು ಮಾಡಿಟ್ಟಿದ್ದ. ಆದರೆ ಅದನ್ನು ಹೇಳದೆ, ಐಜಾವಾ ಏನು ಮಾಡುತ್ತಾನೋ ನೋಡೋಣ ಅಂತ ಸುಮ್ಮನೆ ಕೂತಿದ್ದ. ಹೌದು, ಪರೀಕ್ಷೆ ಮಾಡುತ್ತಿದ್ದೆ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಐಜಾವಾ ಸಿಟ್ಟಿನಿಂದ ಎದ್ದು ಹೋಗುತ್ತಾನೆ.

ಈ ಸಿಟ್ಟಿಗೆ ಬೆಲೆ ಕೊಡಬೇಕು. ಉಳ್ಳವನು ಇಲ್ಲದವನ ನಿಷ್ಠೆಯನ್ನು ಅಳೆಯಲು ಹಸಿವನ್ನು ಅಳತೆಗೋಲು ಮಾಡಿಕೊಂಡದ್ದು ಅದು. ಐಜಾವಾನಿಗೆ ಅದು ಅರ್ಥವಾಯಿತು. ಅರ್ಥವಾದದ್ದನ್ನು ಮುಖಕ್ಕೆ ಹೇಳಿ ಹೊರನಡೆದ. ಮುಂದೆ ಅವನು ತಂಡಕ್ಕೆ ಮರಳಿ ಬರುತ್ತಾನೆ, ಬಂದಮೇಲೂ ಅನುಮಾನಿಸುವುದನ್ನು ಬಿಡುವುದಿಲ್ಲ.

ಆಗ ಮೋಗಿ ಏನು ಮಾಡಿದ? ಅಲ್ಲೇ ನಿಂತಿದ್ದ. ಅವನಿಗೆ ಮನೆ ಇತ್ತೋ, ಅಮ್ಮ ಇದ್ದಳೋ, ಸಾಲ ಇತ್ತೋ? ಅದು ಓದುಗನಿಗೆ ತಿಳಿಯುವುದಿಲ್ಲ. ವರ್ಷಗಳ ನೌಕರಿಯನ್ನು ಕಿತ್ತೆಸೆದ ಮನುಷ್ಯನಿಗೆ ಒಂದು ಸ್ವಗತದ ಚೌಕವನ್ನೂ ಲೇಖಕರು ಕೊಡುವುದಿಲ್ಲ. ಅಷ್ಟು ದೊಡ್ಡ ತ್ಯಾಗ ಅಷ್ಟು ಅಗ್ಗವಾಗಿ ಹೋಯಿತು. ಮಾತಾಡದವನ ತ್ಯಾಗ ಯಾವಾಗಲೂ ಅಗ್ಗವೇ.

ಇನ್ನು ನೋಟ್ ಪುಸ್ತಕದ ವಿಷಯಕ್ಕೆ ಬರೋಣ. ಅದರಲ್ಲಿ ಬರೆದ ಹೆಸರುಗಳು ಯಾರವು? ಲೈಟ್ ತಾನಾಗಿ ಹೋಗಿ ಯಾವ ಅಪರಾಧವನ್ನೂ ಪತ್ತೆ ಮಾಡಲಿಲ್ಲ. ಟಿ.ವಿ.ಯಲ್ಲಿ ಬಂದವರು, ಪೊಲೀಸರ ದಾಖಲೆಯಲ್ಲಿ ಇದ್ದವರು, ಅಂದರೆ ಪೊಲೀಸರು ಹಿಡಿದು ಇವನೇ ಕಳ್ಳ ಎಂದು ತೋರಿಸಿದವರು. ಕಿರಾನ ‘ನ್ಯಾಯ’ ಪೊಲೀಸ್ ಠಾಣೆಯ ಪಟ್ಟಿಯ ನಕಲು ಅಷ್ಟೆ. ಎಲ್ ಏನು ಕಡಿಮೆ? ಕಿರಾನನ್ನು ಕೆಣಕಲು ಅವನು ಮೊದಲು ಟಿ.ವಿ.ಯಲ್ಲಿ ತನ್ನ ಹೆಸರಲ್ಲಿ ಕೂರಿಸಿದ್ದು ಮರಣದಂಡನೆಯಾಗಿದ್ದ ಒಬ್ಬ ಕೈದಿಯನ್ನು. ಕಿರಾ ಅವನನ್ನು ಕೊಂದ, ಎಲ್‌ಗೆ ಸುಳಿವು ಸಿಕ್ಕಿತು. ಹೇಗೂ ಅವತ್ತು ಸಾಯಬೇಕಿದ್ದವನೇ ಎಂಬುದು ಸಮಜಾಯಿಷಿ. ಗಾಳಕ್ಕೆ ಹುಳು ಸಿಕ್ಕಿಸುವವನಿಗೂ ಹುಳು ತಿನ್ನುವವನಿಗೂ ಹುಳುವಿನ ಮಟ್ಟಿಗೆ ವ್ಯತ್ಯಾಸವೇನು? ಓದುಗರು ಎಲ್‌ನ ಜಾಣತನಕ್ಕೆ ತಲೆದೂಗಿ ಆ ಕೈದಿಯನ್ನು ಮುಂದಿನ ಪುಟಕ್ಕೇ ಮರೆತುಬಿಡುತ್ತಾರೆ.

ಪೊಲೀಸರ ಪಟ್ಟಿ ಎಷ್ಟು ನಂಬಿಕೆಗೆ ತಕ್ಕದ್ದು? ಜಪಾನಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಅಲ್ಲಿ ಆಪಾದನೆ ಪಟ್ಟಿ ಹಾಕುವ ಮೊದಲೇ ಒಂದು ಕೇಸಿನಲ್ಲಿ 23 ದಿನದ ವರೆಗೆ ಹಿಡಿದಿಟ್ಟುಕೊಂಡು ಪ್ರಶ್ನಿಸಬಹುದು, ಅದೂ ಪೊಲೀಸರ ಕೋಣೆಯಲ್ಲೇ. ತಪ್ಪೊಪ್ಪಿಗೆಯೇ ಅಲ್ಲಿ ಸಾಕ್ಷ್ಯಗಳ ರಾಜ. ಮರಣದಂಡನೆ ಈಗಲೂ ಇದೆ, ನೇಣು ಹಾಕುತ್ತಾರೆ, ಇವತ್ತು ನಿನ್ನ ಸರದಿ ಅಂತ ಕೈದಿಗೆ ಗೊತ್ತಾಗುವುದು ಅದೇ ಬೆಳಿಗ್ಗೆ. ಹಕಾಮಾದಾ ಇವಾವೊ ಎಂಬ ಮಾಜಿ ಬಾಕ್ಸರ್, ಮಿಸೊ ತಯಾರಿಸುವ ಕಾರ್ಖಾನೆಯ ಕೆಲಸಗಾರ. 1966ರಲ್ಲಿ ಯಜಮಾನನ ಮನೆಯ ನಾಲ್ವರನ್ನು ಕೊಂದನೆಂದು ಹಿಡಿದು, ದಿನಗಟ್ಟಲೆ ಹಿಂಡಿ ಒಪ್ಪಿಸಿದರು. 1968ರಲ್ಲಿ ಮರಣದಂಡನೆಯಾಯಿತು. ಬಿಡುಗಡೆಯಾದದ್ದು 2014ರಲ್ಲಿ. ನಿರಪರಾಧಿ ಎಂದು ನ್ಯಾಯಾಲಯ ಹೇಳಿದ್ದು 2024ರ ಸೆಪ್ಟೆಂಬರಿನಲ್ಲಿ. ಸಾಕ್ಷ್ಯವನ್ನು ತನಿಖೆಯವರೇ ಸೃಷ್ಟಿಸಿದ್ದರೆಂದು ಅದೇ ತೀರ್ಪು ಹೇಳಿತು.

ಇನ್ನೊಂದು ಹೆಸರು ನಮ್ಮ ಓದುಗರು ಮರೆಯಬಾರದ್ದು: ಇಶಿಕಾವಾ ಕಜುವೊ. ಅವನು ಬುರಾಕು ಸಮುದಾಯದವನು. ಚರ್ಮದ ಕೆಲಸ, ಸತ್ತ ದನದ ಕೆಲಸ ಮಾಡಿದ್ದಕ್ಕೆ ಊರಾಚೆ ಇಡಲ್ಪಟ್ಟವರು ಇವರು. 1871ರ ಸರ್ಕಾರಿ ಆಜ್ಞೆ ಅವರ ಕೀಳು ಸ್ಥಾನವನ್ನು ಕಾಗದದ ಮೇಲೆ ಅಳಿಸಿತು, ಜನರ ಮನಸ್ಸಿನಿಂದ ಅಳಿಸಲಿಲ್ಲ. 1922ರಲ್ಲಿ ಕ್ಯೋಟೊದಲ್ಲಿ ಸುಯಿಹೇಶಾ ಸಂಘ ಕಟ್ಟಿ ಅವರೇ ಎದ್ದು ನಿಂತರು. ಇದು ಎಂಥ ಬದುಕು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1963ರ ಮೇ ತಿಂಗಳಲ್ಲಿ ಸಯಾಮಾ ಎಂಬಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳ ಅಪಹರಣ, ಕೊಲೆ ನಡೆಯಿತು. ದುಡ್ಡು ಪಡೆಯಲು ಬಂದವನು ಕಾದು ಕೂತಿದ್ದ ಪೊಲೀಸರ ಕೈ ತಪ್ಪಿಸಿಕೊಂಡ. ಮಾನ ಹೋದ ಪೊಲೀಸರು ಬುರಾಕು ಕೇರಿಗಳಿಗೆ ನುಗ್ಗಿದರು. 24 ವರ್ಷದ ಇಶಿಕಾವಾನನ್ನು ಹಿಡಿದರು. ನೆಟ್ಟಗೆ ಓದು ಬರಹ ಬಾರದವನು ಬೆದರಿಕೆ ಪತ್ರ ಬರೆದ ಅಂತ ಹೇಳಿದರು. ಎರಡು ಸಲ ಮನೆ ಜಾಲಾಡಿದಾಗ ಸಿಗದ ಹುಡುಗಿಯ ಪೆನ್ನು ಮೂರನೇ ಸಲ ಬಾಗಿಲ ಮೇಲಿನ ಪಟ್ಟಿಯಲ್ಲಿ ಸಿಕ್ಕಿತು. 1964ರಲ್ಲಿ ಮರಣದಂಡನೆ, 1974ರಲ್ಲಿ ಅದು ಜೀವಾವಧಿಯಾಯಿತು. ಜೈಲಿನಲ್ಲೇ ಅವನು ಅಕ್ಷರ ಕಲಿತ. 1994ರಲ್ಲಿ ಪೆರೋಲ್ ಮೇಲೆ ಹೊರಬಂದ. ಮರುವಿಚಾರಣೆ ಕೇಳುತ್ತಲೇ 2025ರ ಮಾರ್ಚಿನಲ್ಲಿ ತೀರಿಕೊಂಡ.

ಕಿರಾನ ನೋಟ್ ಪುಸ್ತಕ 1963ರಲ್ಲಿ ಇದ್ದಿದ್ದರೆ? ಟಿ.ವಿ.ಯಲ್ಲಿ ಇಶಿಕಾವಾನ ಮುಖ ಬಂದ ರಾತ್ರಿಯೇ ಅವನ ಕಥೆ ಮುಗಿಯುತ್ತಿತ್ತು. ಅಕ್ಷರ ಕಲಿಯಲು, ತನ್ನ ಕೈಯಿಂದಲೇ ತನ್ನ ಅಹವಾಲು ಬರೆಯಲು ಅವನಿಗೆ 40 ಸೆಕೆಂಡು ಸಾಲುತ್ತಿರಲಿಲ್ಲ.

ಇಂಥ ಮನೆ ಜಾಲಾಡುವವರು, ಪೆನ್ನು ‘ಸಿಕ್ಕಿತು’ ಎಂದು ಸಹಿ ಹಾಕುವವರು, ಠಾಣೆಯ ಮೂಲೆಯಲ್ಲಿ ನಿಂತು ಎಲ್ಲ ನೋಡುವವರು ಯಾರು? ಎಲ್ ಅಲ್ಲ, ಲೈಟ್ ಅಲ್ಲ. ಮೋಗಿಯಂಥ ಕೆಳಗಿನ ಅಧಿಕಾರಿಗಳು. ಅವರಲ್ಲಿ ಒಬ್ಬ ಬಾಯಿಬಿಟ್ಟರೆ ಒಂದು ಜೀವ ಉಳಿಯುತ್ತದೆ. ಬಾಯಿ ಬಿಡದಿದ್ದರೆ ಅರವತ್ತು ವರ್ಷ ಹೋಗುತ್ತದೆ. ಮೌನವನ್ನು ಸದ್ಗುಣ ಅಂತ ಹೊಗಳುವ ಮೊದಲು ಈ ಲೆಕ್ಕ ಹಾಕಬೇಕು.

ಎರಡನೇ ಭಾಗದಲ್ಲಿ ಮೋಗಿಯ ಮೌನಕ್ಕೇ ಪರೀಕ್ಷೆ ಬರುತ್ತದೆ. ಎಲ್ ಸತ್ತಿದ್ದಾನೆ. ಅವನ ಕುರ್ಚಿಯಲ್ಲಿ ಲೈಟೇ ಕೂತು, ತನ್ನನ್ನೇ ಹುಡುಕುವ ನಾಟಕ ಆಡುತ್ತಿದ್ದಾನೆ. ಐದು ವರ್ಷ ಮೋಗಿ ದುಡಿದದ್ದು ಕೊಲೆಗಾರನ ಕೈಕೆಳಗೆ. ಆಗ ನಿಯರ್ ಅವನನ್ನು ಎದುರು ಕೂರಿಸಿಕೊಂಡು ಹಳೆಯ ತನಿಖೆಯ ಬಗ್ಗೆ, ಲೈಟ್ ಮೇಲೆ ಎಲ್‌ಗಿದ್ದ ಅನುಮಾನದ ಬಗ್ಗೆ ಕೇಳುತ್ತಾನೆ. ಮೋಗಿ ಬಾಯಿ ಬಿಡುವುದಿಲ್ಲ. ಇದನ್ನು ಓದುಗರು ಮೆಚ್ಚುತ್ತಾರೆ: ಎಂಥ ನಿಷ್ಠೆ! ಆದರೆ ಆ ನಿಷ್ಠೆ ಕಾಪಾಡಿದ್ದು ಯಾರನ್ನು? ಲೈಟನ್ನು. ಕೊನೆಗೆ ಮಾತಾಡಿದ್ದು ಐಜಾವಾ. ಹಿಂದೆ ಹೊಟ್ಟೆಪಾಡಿಗೆ ಹೆದರಿ ತತ್ತರಿಸಿದ್ದವನು, ಸಿಟ್ಟಿಗೆದ್ದು ಹೋಗಿದ್ದವನು, ತನ್ನ ಅನುಮಾನವನ್ನು ಹೊರಗೆ ಹಾಕಿದ. ಆ ಮಾತಿನಿಂದಲೇ ಗಂಟು ಸಡಿಲವಾಗತೊಡಗಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪೊಲೀಸನ ಬಾಯಿ ಬಿಗಿಯಾಗಿರಬೇಕಲ್ಲವೆ? ತಂಡದ ಗುಟ್ಟನ್ನು ಬೇರೆಯವರ ಮುಂದೆ ಚೆಲ್ಲುವುದು ಸರಿಯೆ? ಸರಿಯಾದ ಮಾತೇ. ಮೋಗಿ ನಿಯರ್‌ನನ್ನು ಯಾಕೆ ನಂಬಬೇಕು? ಅವನೂ ಇನ್ನೊಬ್ಬ ತಲೆಯವನೇ, ಆಟದ ಗೊಂಬೆ ಇಟ್ಟುಕೊಂಡು ಮನುಷ್ಯರನ್ನು ಗೊಂಬೆಗಳಂತೆ ಸರಿಸುವವನು. ಅವನ ಮುಂದೆ ಬಾಯಿ ಬಿಡದಿರುವುದರಲ್ಲಿ ಒಂದು ಬಗೆಯ ಸ್ವಾಭಿಮಾನ ಇದೆ ಎಂದು ನಾನೂ ಒಪ್ಪುತ್ತೇನೆ. ಕೇಳಿದವನಿಗೆಲ್ಲ ಒಪ್ಪಿಸಿಬಿಡಲು ಅವನೇನು ಗಿಳಿಯೇ? ಆದರೆ ಹೊರಗಿನವನ ಮುಂದೆ ಮುಚ್ಚಿದ ಬಾಯಿ ಒಳಗೆ, ತನ್ನವರ ನಡುವೆ, ಲೈಟ್‌ನ ಎದುರಿಗೆ ಒಂದು ದಿನವಾದರೂ ತೆರೆದುಕೊಂಡಿತೆ? ಕಣ್ಣೆದುರು ಕಂಡದ್ದನ್ನು ಕೇಳಿತೆ? ಇಲ್ಲ. ಹೊರಗೆ ಮೌನ ಸ್ವಾಭಿಮಾನವಾಗಬಹುದು. ಒಳಗೂ ಮೌನವಾದರೆ ಅದಕ್ಕೆ ಜೀತ ಅನ್ನದೆ ಬೇರೆ ಹೆಸರಿಲ್ಲ.

ಇದರ ಕೂಲಿ ಏನು ಸಿಕ್ಕಿತು ನೋಡಿ. ಕಥೆಯ ಕೊನೆಗೆ, 2010ರ ಜನವರಿಯಲ್ಲಿ ಎಂದು ಲೇಖಕರು ಇಟ್ಟಿರುವ ದಿನ, ಎಲ್ಲರೂ ಒಂದು ಹಳೆಯ ಉಗ್ರಾಣದಲ್ಲಿ ಸೇರುತ್ತಾರೆ. ಲೈಟ್‌ನ ಬಂಟ ಮಿಕಾಮಿ ಅಲ್ಲಿದ್ದವರ ಹೆಸರುಗಳನ್ನೆಲ್ಲ ಬರೆಯುತ್ತಾನೆ, ಲೈಟ್ ಒಬ್ಬನದನ್ನು ಬಿಟ್ಟು. ಆ ಪಟ್ಟಿಯಲ್ಲಿ ಮೋಗಿಯ ಹೆಸರೂ ಇದೆ. ಅವನು ಉಳಿದದ್ದು ಆ ಪುಸ್ತಕ ನಕಲಿಯಾಗಿತ್ತು ಎಂಬ ಒಂದೇ ಕಾರಣಕ್ಕೆ. ವರ್ಷಗಟ್ಟಲೆ ತುಟಿ ಪಿಟಕ್ಕೆನ್ನದೆ ದುಡಿದವನಿಗೆ ಯಜಮಾನ ಎತ್ತಿಟ್ಟಿದ್ದ ಸಂಬಳ ಇದು. ಆಗಲಾದರೂ ಲೈಟ್‌ಗೆ ಗುಂಡು ಹೊಡೆದವನು ಯಾರು? ಮಾತ್ಸುದಾ. ಎಲ್ಲರೂ ಪೆದ್ದ, ಬಾಯಿಬಡುಕ ಅಂತ ನಕ್ಕ ಮಾತ್ಸುದಾ. ಕಿರಾ ಹೇಳುವುದರಲ್ಲೂ ಸ್ವಲ್ಪ ನಿಜ ಇದೆಯೇನೋ ಅಂತ ಗೊಂದಲದಲ್ಲಿ ಬಿದ್ದು, ಅದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದ ಮಾತ್ಸುದಾ. ಗೊಂದಲವನ್ನು ಹೊರಗೆ ಹಾಕಿದವನೇ ಕೊನೆಗೆ ಕೈ ಎತ್ತಲು ಶಕ್ತನಾದ.

ಹುಡುಗರು ಈ ಪುಸ್ತಕ ಓದಲಿ, ಓದಬೇಡಿ ಅಂತ ನಾನು ಹೇಳುವುದಿಲ್ಲ. ಮೇಷ್ಟರುಗಳು ಅವರ ಕೈಯಿಂದ ಕಿತ್ತುಕೊಳ್ಳುವುದೂ ಬೇಡ. ಜೊತೆಯಲ್ಲಿ ಕೂತು ಓದಲಿ. ಲೈಟ್ ಗೆದ್ದನೋ ಎಲ್ ಗೆದ್ದನೋ ಎಂಬ ಜೂಜಿನ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಲಿ. ಈ ಪುಟದಲ್ಲಿ ಕೆಲಸ ಮಾಡಿದವರು ಯಾರು? ಸತ್ತ ಕೈದಿಯ ಊರು ಯಾವುದು? ಅವನು ನಿಜವಾಗಿ ತಪ್ಪು ಮಾಡಿದ್ದನೆ, ಯಾರು ಹೇಳಿದರು? ಮೋಗಿಗೆ ಎಲ್ಲ ಗೊತ್ತಿತ್ತೆ? ಗೊತ್ತಿದ್ದರೆ ಯಾಕೆ ಸುಮ್ಮನಿದ್ದ?

ಸೇಚೊ ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಮೋಗಿ ಬೀದಿ ಸುತ್ತುವಾಗ ಏನು ಕಂಡ, ಕಡತ ತಿರುವುವಾಗ ಯಾವ ಹೆಸರಿನ ಮೇಲೆ ಅವನ ಬೆರಳು ನಿಂತಿತು, ರಾಜೀನಾಮೆ ಕೊಟ್ಟ ಸಂಜೆ ಮನೆಗೆ ಹೋಗಿ ಏನು ಉಂಡ ಎಂದು ಬರೆಯುವವರು ಜಪಾನಿನಲ್ಲಿ ಇನ್ನೊಮ್ಮೆ ಹುಟ್ಟಬೇಕು. ಆ ಕಥೆಯಲ್ಲಿ ಸಾವಿನ ದೇವತೆ ಬೇಕಾಗುವುದಿಲ್ಲ. ಮೂರನೇ ಸಲ ಮನೆ ಜಾಲಾಡಲು ಹೊರಟ ತಂಡದಲ್ಲಿ ಒಬ್ಬ ಮೋಗಿ ಇದ್ದು, ‘ಹೋದ ಸಲ ನಾನೂ ನೋಡಿದ್ದೆ, ಇಲ್ಲಿ ಪೆನ್ನು ಇರಲಿಲ್ಲ’ ಅಂದರೆ ಸಾಕು.